ಅಯ್ಯನವರು ವರ್ಗವಾದರೂ ಹಾಸಿಗೆ ಹಿಡಿದವರ ಹೆಸರು ಸಭೆಯಲ್ಲಿ ಉಳಿಯಲಿ: ಬಿಷಪರಿಗೂ ಸಭಾ ಹಿರಿಯರಿಗೂ ಒಂದು ಬಹಿರಂಗ ಪತ್ರ

ಪೂಜ್ಯ ಬಿಷಪರೇ, ಸಭಾಪಾಲಕರೇ, ಸಭಾ ಕಮಿಟಿಯ ಹಿರಿಯರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ವರ್ಗಾವಣೆಯ ಕಾಲ ಹತ್ತಿರ ಬರುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಬೀಳ್ಕೊಡುಗೆ ಶುರುವಾಗುತ್ತದೆ. ಶಾಲು, ಹಾರ, ಫೋಟೊ, ಊಟ, ಒಂದಿಷ್ಟು ಕಣ್ಣೀರು. ಆಮೇಲೆ ಲಾರಿಗೆ ಸಾಮಾನು ಹೇರಿ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಹೊರಡುತ್ತಾರೆ. ಮುಂದಿನ ಭಾನುವಾರ ಹೊಸ ಅಯ್ಯನವರು ಪ್ರಸಂಗಕ್ಕೆ ನಿಲ್ಲುತ್ತಾರೆ. ಬಂದವರ ಕೈಗೆ ನಾವು ಚರ್ಚಿನ ಬೀಗದ ಕೈ ಕೊಡುತ್ತೇವೆ. ಚೆಕ್ ಬುಕ್ ಕೊಡುತ್ತೇವೆ. ರಿಜಿಸ್ಟರ್‌ಗಳನ್ನು ಎಣಿಸಿ ಸಹಿ ಮಾಡಿಸಿಕೊಳ್ಳುತ್ತೇವೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಒಬ್ಬರೇ ಇದ್ದಾರೆ, ಯಾರ ಮನೆಗೆ ತಿಂಗಳಿಗೊಮ್ಮೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸ ಒಯ್ಯಬೇಕು ಎಂಬುದನ್ನು ಮಾತ್ರ ಯಾರೂ ಬರೆದು ಕೊಡುವುದಿಲ್ಲ. ನಾನು ಕಂಡ ಹೆಚ್ಚಿನ ಸಭೆಗಳಲ್ಲಿ ಇದೇ ಕಥೆ. ಅದು ಹಳೆ ಅಯ್ಯನವರ ತಲೆಯಲ್ಲಿ ಇರುತ್ತದೆ, ಅವರ ಜೊತೆಗೇ ಲಾರಿ ಹತ್ತಿ ಹೋಗುತ್ತದೆ.

ಅದಕ್ಕೇ ಈ ಪತ್ರ.

ನಾನು ಧಾರವಾಡ ಕಡೆಯವಳು. ಸ್ತ್ರೀಯರ ಕೂಟದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ದೇವಶಾಸ್ತ್ರ ಓದಿದವಳಲ್ಲ. ಮನೆ ಭೇಟಿ, ಆಸ್ಪತ್ರೆ ಭೇಟಿ, ಸುಗ್ಗಿ ಹಬ್ಬದ ಲೆಕ್ಕ, ಸಂಡೇ ಸ್ಕೂಲ್ ಮಕ್ಕಳಿಗೆ ತಿಂಡಿ ಹಂಚುವುದು, ಇಂಥ ಕೆಲಸಗಳಲ್ಲಿ ಬೆಳೆದವಳು. ನಮ್ಮ ಜನರಲ್ಲಿ ಸೇವೆ ಮಾಡುವ ಮನಸ್ಸು ಕಡಿಮೆ ಇಲ್ಲ. ಯಾರಿಗಾದರೂ ಕಷ್ಟ ಅಂತ ಗೊತ್ತಾದರೆ ಸಾಕು, ಓಡಿ ಬರುತ್ತಾರೆ. ಆದರೆ ಗೊತ್ತಾಗಬೇಕಲ್ಲ? ಕ್ರಮ ಇಲ್ಲದ ಕಡೆ ಎದ್ದು ಬಂದು ಕೇಳುವ ಶಕ್ತಿ ಇರುವವರಿಗೆ ಎಲ್ಲ ಸಿಗುತ್ತದೆ. ಎದ್ದು ಬರಲಾಗದವರು ಮೊದಲು ಕೈಬಿಟ್ಟು ಹೋಗುತ್ತಾರೆ.

ನಮ್ಮ ಕಡೆಯ ಒಂದು ಸಭೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಭೆಯ ಹೆಸರು ಬೇಡ, ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಸೊಂಟ ಮುರಿದು ಮಲಗಿದ್ದ ಒಬ್ಬ ಅಜ್ಜಿ. ಮಗ ಪುಣೆಯಲ್ಲಿ. ಅಡುಗೆಗೆ ಒಬ್ಬ ಹೆಂಗಸು ಬಂದು ಹೋಗುತ್ತಿದ್ದಳು. ಹಳೆ ಅಯ್ಯನವರು ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿಸಿಕೊಂಡು ಮಧ್ಯಾಹ್ನ ಅವರ ಮನೆಗೆ ಕರ್ತನ ಭೋಜನ ತರುತ್ತಿದ್ದರು. ಅವತ್ತು ಬೆಳಿಗ್ಗೆಯೇ ಅಜ್ಜಿ ಮಂಚದ ಪಕ್ಕದ ಸ್ಟೂಲನ್ನು ಒರೆಸಿಸಿ, ಅದರ ಮೇಲೆ ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಹಾಸಿಸುತ್ತಿದ್ದರು. ಅಯ್ಯನವರು ವರ್ಗವಾದರು. ಹೊಸಬರಿಗೆ ಈ ಅಜ್ಜಿ ಇರುವುದೇ ಗೊತ್ತಿಲ್ಲ. ಕಮಿಟಿಯವರು ಅಯ್ಯನವರು ನೋಡಿಕೊಳ್ಳುತ್ತಾರೆ ಅಂದುಕೊಂಡರು. ನೆರೆಯ ವಿಶ್ವಾಸಿಗಳು ಕಮಿಟಿಯವರು ಹೇಳಿರುತ್ತಾರೆ ಅಂದುಕೊಂಡರು. ಕ್ರಿಸ್ಮಸ್‌ಗೆ ಕ್ಯಾರೊಲ್ ಹಾಡಲು ಹೋದ ಹುಡುಗರ ಜೊತೆ ನಾವೂ ಹೋದಾಗ ಅವರು ಕೇಳಿದ ಮಾತು: "ನನ್ನ ಹೆಸರು ಸಭೆಯಿಂದ ತಗದ್ರೇನ್ರಿ?"

ಅಷ್ಟು ತಿಂಗಳೂ ಮೊದಲ ಭಾನುವಾರ ಆ ಸ್ಟೂಲಿನ ಮೇಲೆ ಬಟ್ಟೆ ಹಾಸುತ್ತಲೇ ಇದ್ದೆ ಅಂತ ಅಡುಗೆಯ ಹೆಂಗಸು ಹೇಳಿದಳು. ಅವಳು ನಮ್ಮ ಸಭೆಯವಳೂ ಅಲ್ಲ. ಹೊಸ ಅಯ್ಯನವರಿಗೆ ಸುದ್ದಿ ತಿಳಿದ ಮರುದಿನ ಬೆಳಿಗ್ಗೆಯೇ ಅವರು ಹೋಗಿ ಬಂದರು. ತುಂಬಾ ನೊಂದುಕೊಂಡರು. ಇಲ್ಲಿ ಕೆಟ್ಟವರು ಯಾರು? ಯಾರೂ ಇಲ್ಲ. ಒಂದು ಹಾಳೆಯಲ್ಲಿ ಒಂದು ಸಾಲು ಬರೆದು ಕೊಟ್ಟಿದ್ದರೆ ಆ ತಾಯಿ ಅಷ್ಟು ತಿಂಗಳು ತನ್ನ ಹೆಸರು ಹೋಯಿತೇನೋ ಅಂತ ಕೊರಗುತ್ತ ಮಲಗಬೇಕಾಗಿರಲಿಲ್ಲ.

ಇದೇನು ಹೊಸ ಸಮಸ್ಯೆ ಅಲ್ಲ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಮೊದಲ ಸಭೆ. ಪೆಂತೆಕೊಸ್ತಿನ ಬೆಂಕಿ ಇನ್ನೂ ಆರಿರಲಿಲ್ಲ. ಹೊಲ ಮನೆ ಮಾರಿ ದುಡ್ಡು ತಂದು ಅಪೊಸ್ತಲರ ಪಾದದ ಬಳಿ ಇಡುತ್ತಿದ್ದ ಜನ. ಅಂಥ ಸಭೆಯಲ್ಲೂ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿರಲಿಲ್ಲ. ಬೇಕೆಂದೇ ಯಾರಾದರೂ ಹಾಗೆ ಮಾಡಿದರು ಅಂತ ಆ ಪುಸ್ತಕ ಬರೆದ ಲೂಕನು ಹೇಳಿಲ್ಲ. ಶಿಷ್ಯರ ಸಂಖ್ಯೆ ಹೆಚ್ಚಿತು, ಗುಣುಗುಟ್ಟುವಿಕೆ ಶುರುವಾಯಿತು, ಅಷ್ಟೇ. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ಆದರೂ ಭಾಷೆ ಬೇರೆಯಾದ, ಗಂಡನಿಲ್ಲದ, ಬಹುಶಃ ಊರಲ್ಲಿ ನೆಂಟರೂ ಇಲ್ಲದ ಹೆಂಗಸರು ಲೆಕ್ಕಕ್ಕೆ ಸಿಗದೆ ಹೋದರು.

ಹನ್ನೆರಡು ಮಂದಿ ಅಪೊಸ್ತಲರು ಏನು ಮಾಡಿದರು? ಇನ್ನೂ ಜಾಸ್ತಿ ಪ್ರಾರ್ಥನೆ ಮಾಡೋಣ ಅಂತ ಹೇಳಿ ಕೈತೊಳೆದುಕೊಳ್ಳಲಿಲ್ಲ. ಗುಣುಗುಟ್ಟಬೇಡಿ ಅಂತ ಗದರಲೂ ಇಲ್ಲ. ಸಭೆ ಕರೆದರು. ಒಳ್ಳೆ ಹೆಸರಿರುವ, ಆತ್ಮಭರಿತರಾದ, ಬುದ್ಧಿ ಇರುವ ಏಳು ಮಂದಿಯನ್ನು ನೀವೇ ಆರಿಸಿ ಅಂದರು. ಆ ಏಳು ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಹೇಳಿದವರ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟರು ಅಂತ ನನಗೆ ಅನಿಸುತ್ತದೆ. ಎಷ್ಟು ದೊಡ್ಡ ಮನಸ್ಸು ಬೇಕು ಅದಕ್ಕೆ! ನಮ್ಮ ಕಮಿಟಿಗಳಲ್ಲಿ ಯಾರಾದರೂ ದೂರು ಹೇಳಿದರೆ ಅವರನ್ನು ದೂರ ಇಡುತ್ತೇವೆ, ಅಲ್ವಾ? ಅಲ್ಲಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಜವಾಬ್ದಾರಿ ಕೊಟ್ಟರು. ಮುಂದಿನ ವಚನವೇ ದೇವರ ವಾಕ್ಯ ಹಬ್ಬಿತು, ಯೆರೂಸಲೇಮಿನಲ್ಲಿ ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು ಎನ್ನುತ್ತದೆ. ಊಟ ಹಂಚುವ ವ್ಯವಸ್ಥೆ ಸರಿಯಾದದ್ದಕ್ಕೂ ವಾಕ್ಯ ಹಬ್ಬಿದ್ದಕ್ಕೂ ಸಂಬಂಧ ಇಲ್ಲ ಅಂತ ನಾನು ನಂಬಲಾರೆ.

ಈ ಮಾತು ಹೇಳಿದಾಗಲೆಲ್ಲ ಕೆಲವು ಸಹೋದರರು ಒಂದು ಉತ್ತರ ಕೊಡುತ್ತಾರೆ. "ಅಕ್ಕ, ಸೇವೆ ಅಂದರೆ ಆತ್ಮ ನಡೆಸಿದ ಹಾಗೆ ನಡೆಯುವುದು. ಪಟ್ಟಿ, ರಿಜಿಸ್ಟರ್, ಮೀಟಿಂಗ್ ಎಲ್ಲ ಆಫೀಸ್ ಕೆಲಸ." ಅವರ ಭಕ್ತಿಯ ಮೇಲೆ ನನಗೆ ಗೌರವವಿದೆ. ಆದರೆ ಅಪೊಸ್ತಲ ಪೌಲನು ಇದನ್ನು ಒಪ್ಪಲಿಲ್ಲ. ಕೊರಿಂಥದ ಸಭೆಯಲ್ಲಿ ಆತ್ಮನ ವರಗಳಿಗೆ ಕಡಿಮೆ ಇರಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪೌಲನು ಅವರ ಬಾಯಿ ಮುಚ್ಚಿಸಲಿಲ್ಲ, ಸರದಿ ಹಾಕಿಕೊಟ್ಟ. ಅನ್ಯಭಾಷೆಯಲ್ಲಿ ಮಾತಾಡುವವರು ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬೊಬ್ಬರಾಗಿ. ಅರ್ಥ ಹೇಳುವವರು ಇಲ್ಲದಿದ್ದರೆ ಸುಮ್ಮನಿರಲಿ. ಕೂತವರಲ್ಲಿ ಒಬ್ಬರಿಗೆ ದೇವರು ಏನಾದರೂ ತಿಳಿಸಿದರೆ ಮಾತಾಡುತ್ತಿದ್ದವರು ನಿಲ್ಲಿಸಲಿ. ಅವರಿಗೆ ಬರೆದ ಮೊದಲ ಪತ್ರದ ಆ 14ನೇ ಅಧ್ಯಾಯ ಮುಗಿಯುವುದೇ ಎಲ್ಲವೂ ಮರ್ಯಾದೆಯಿಂದ, ಕ್ರಮದಿಂದ ನಡೆಯಲಿ ಎಂಬ ಮಾತಿನಿಂದ. ಅದಕ್ಕೆ ಎರಡು ಅಧ್ಯಾಯ ಮುಂಚೆ ದೇವರು ಸಭೆಗೆ ಕೊಟ್ಟವುಗಳ ಸಾಲಿನಲ್ಲಿ ರೋಗ ವಾಸಿಮಾಡುವುದರ ಜೊತೆಗೇ ಸಹಾಯ ಮಾಡುವುದನ್ನೂ ಕೆಲಸ ನಡೆಸಿಕೊಂಡು ಹೋಗುವುದನ್ನೂ ಪೌಲನು ಸೇರಿಸಿದ್ದಾನೆ. ಪಟ್ಟಿ ಬರೆಯುವ ಕೈಗೂ ಆತ್ಮನ ವರ ಬೇಕು.

ನಮ್ಮ ಕರ್ತನನ್ನೇ ನೋಡಿ. ಐದು ರೊಟ್ಟಿ, ಎರಡು ಮೀನು, ಐದು ಸಾವಿರ ಗಂಡಸರು. ಅದ್ಭುತಕ್ಕೆ ಮೊದಲು ಆತನು ಜನರನ್ನು ಹಸುರು ಹುಲ್ಲಿನ ಮೇಲೆ ಪಂಕ್ತಿಯಾಗಿ ಕೂರಿಸಿದನು. ನೂರು ನೂರು, ಐವತ್ತು ಐವತ್ತು. ಹಾಗೆ ಕೂತರೆ ಹಿಂದೆ ಕೂತ ಮುದುಕಿಗೂ ಊಟ ಮುಟ್ಟುತ್ತದೆ, ತಾಯಿಯ ಸೆರಗು ಹಿಡಿದ ಮಗುವಿಗೂ ಮುಟ್ಟುತ್ತದೆ. ನುಗ್ಗಾಟಕ್ಕೆ ಬಿಟ್ಟಿದ್ದರೆ ಗಟ್ಟಿಮುಟ್ಟಾದವರು ಮೊದಲು ತಿಂದು ಮುಗಿಸುತ್ತಿದ್ದರು. ಊಟ ಆದ ಮೇಲೆ ಉಳಿದದ್ದನ್ನು ಕೂಡಿಸಿದರು, ಹನ್ನೆರಡು ಪುಟ್ಟಿ. ಎಷ್ಟು ಪುಟ್ಟಿ ಅಂತ ಎಣಿಸಿದವರೂ ಯಾರೋ ಇದ್ದರು.

ಸಭೆಯ ಚರಿತ್ರೆಯಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಸಂಗತಿ ಇದೆ. ಕ್ರಿ.ಶ. 250ರ ಜನವರಿಯಲ್ಲಿ ರೋಮಿನ ಬಿಷಪ್ ಫಾಬಿಯನ್ ಚಕ್ರವರ್ತಿ ಡೆಸಿಯಸ್‌ನ ಹಿಂಸೆಯಲ್ಲಿ ಸತ್ತರು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಸ ಬಿಷಪನನ್ನು ಆರಿಸಲು ಆಗಲಿಲ್ಲ. ಎಷ್ಟೋ ಜನ ಜೈಲಿನಲ್ಲಿ, ಎಷ್ಟೋ ಜನ ಹೆದರಿ ನಂಬಿಕೆ ಬಿಟ್ಟಿದ್ದರು. 251ರಲ್ಲಿ ಕೊರ್ನೇಲಿಯಸ್ ಬಿಷಪರಾದರು. ಆ ಕಾಲದಲ್ಲೇ ಅವರು ಅಂತಿಯೋಕ್ಯದ ಬಿಷಪರಿಗೆ ಬರೆದ ಒಂದು ಪತ್ರದ ಭಾಗವನ್ನು ಹಳೆಯ ಕಾಲದ ಚರಿತ್ರೆಕಾರ ಯುಸೇಬಿಯಸ್ ತನ್ನ ಸಭಾ ಚರಿತ್ರೆಯಲ್ಲಿ ಉಳಿಸಿದ್ದಾರೆ. ರೋಮಿನ ಸಭೆಯಲ್ಲಿ 46 ಹಿರಿಯರು, 7 ಸೇವಕರು, ಅವರ ಕೈಕೆಳಗೆ ಇನ್ನೂ 7 ಮಂದಿ, ಓದುವವರು, ಬಾಗಿಲು ಕಾಯುವವರು, ಆಮೇಲೆ 1500ಕ್ಕೂ ಹೆಚ್ಚು ವಿಧವೆಯರೂ ಕಷ್ಟದಲ್ಲಿರುವವರೂ ಇದ್ದಾರೆ, ಇವರೆಲ್ಲರನ್ನೂ ಕರ್ತನ ಕೃಪೆ ಪೋಷಿಸುತ್ತಿದೆ ಎಂದು ಅದರಲ್ಲಿ ಇದೆ.

ಸ್ವಲ್ಪ ಯೋಚಿಸಿ. ಬಿಷಪ್ ಸತ್ತಿದ್ದಾರೆ. ಸಭೆ ಚದುರಿದೆ. ಆದರೂ ಸಹಾಯ ಪಡೆಯುವ ಬಡವರ ಲೆಕ್ಕ ಕೈಯಲ್ಲಿದೆ. ಇದು ಹೇಗೆ ಸಾಧ್ಯವಾಯಿತು? ಫಾಬಿಯನ್ ಬದುಕಿದ್ದಾಗಲೇ ಊರನ್ನು ಭಾಗ ಮಾಡಿ ಸೇವಕರಿಗೆ ಹಂಚಿಕೊಟ್ಟಿದ್ದರು ಎಂದು ರೋಮಿನ ಒಂದು ಹಳೆಯ ದಾಖಲೆ ಹೇಳುತ್ತದೆ. ವಿಧವೆಯರ ಹೆಸರು ಬಿಷಪರೊಬ್ಬರ ತಲೆಯಲ್ಲಿ ಮಾತ್ರ ಇರಲಿಲ್ಲ. ಅವರು ಹೋದರೂ ಆ ಹೆಸರುಗಳು ಉಳಿದವು. ಇವತ್ತಿನ ನಮ್ಮ ಯಾವ ಸಭಾಪಾಲಕರನ್ನಾದರೂ ನಿಮ್ಮ ಸಭೆಯಲ್ಲಿ ಸಹಾಯ ಬೇಕಾದವರು ಎಷ್ಟು ಮಂದಿ ಅಂತ ಕೇಳಿದರೆ, ಪುಸ್ತಕ ತೆಗೆದು ಹೇಳಲು ಎಷ್ಟು ಜನರಿಗೆ ಆಗುತ್ತದೆ?

ನಮ್ಮ ನೆಲದಲ್ಲೂ ಇಂಥ ಹಿನ್ನೆಲೆ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅಚ್ಚುಕೂಟ, ಶಾಲೆ, ಹೆಂಚಿನ ಕಾರ್ಖಾನೆ ಎಲ್ಲ ನಮಗೆ ಗೊತ್ತು. ಅವರು ಬರೆದಿಟ್ಟದ್ದರ ಬಗ್ಗೆ ನಾವು ಕಡಿಮೆ ಮಾತಾಡುತ್ತೇವೆ. ಮಿಶನ್‌ನ ಪ್ರತಿ ಠಾಣೆಯಿಂದ ಮೂರು ತಿಂಗಳಿಗೊಮ್ಮೆ ವರದಿ, ವರ್ಷಕ್ಕೊಮ್ಮೆ ದೊಡ್ಡ ವರದಿ, ಹಡಗಿನಲ್ಲಿ ಬಾಸೆಲ್‌ಗೆ ಹೋಗುತ್ತಿತ್ತು. ಆ ಕಾಗದಗಳು ಇವತ್ತಿಗೂ ಅಲ್ಲಿ ಇವೆ. ಕರಾವಳಿಯ, ಧಾರವಾಡ ಸೀಮೆಯ ಚರಿತ್ರೆ ಬರೆಯುವವರು ಅವನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರ ಕಟ್ಟುನಿಟ್ಟು ಕೆಲವು ಸಲ ಜಾಸ್ತಿಯೇ ಆಗಿತ್ತು, ಅದನ್ನೂ ಹೇಳಬೇಕು. ಮಿಶನರಿಗೆ ಮದುವೆ ಆಗಬೇಕಾದರೂ ಬಾಸೆಲ್‌ನ ಕಮಿಟಿಯ ಒಪ್ಪಿಗೆ ಬೇಕಿತ್ತು. ಅಷ್ಟು ನಮಗೆ ಬೇಡ. ಆದರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಹಿಡಿದು ಇಟ್ಟಾಗ, ಆಮೇಲೆ ದೇಶ ಬಿಡಿಸಿದಾಗ, ಸಭೆಗಳು ನಿಂತುಹೋಗಲಿಲ್ಲ. ಊರಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು ಕೆಲಸ ಮುಂದುವರಿಸಿದರು. ಯಾರಿಗೆ ಯಾವ ಕೆಲಸ ಅಂತ ಮೊದಲೇ ತಿಳಿದಿರದಿದ್ದರೆ ಅದು ಇನ್ನೂ ಎಷ್ಟು ಕಷ್ಟವಾಗುತ್ತಿತ್ತೋ!

ಈಗ ಹತ್ತಿರದ ಒಂದು ವಿಷಯ. ನಮ್ಮ ಕೂಟದಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದರು. ಎಲ್ಲರೂ ಅವರನ್ನು ಟೀಚರಮ್ಮ ಅಂತಲೇ ಕರೆಯುತ್ತಿದ್ದೆವು. ಅವರ ಹತ್ತಿರ ಕೆಂಪು ರಟ್ಟಿನ ಒಂದು ಉದ್ದ ಲೆಕ್ಕದ ಪುಸ್ತಕ ಇತ್ತು. ಒಂದು ಮನೆಗೆ ಒಂದು ಪುಟ. ಮೇಲೆ ಮನೆ ಯಜಮಾನರ ಹೆಸರು, ಓಣಿ, ಫೋನ್ ನಂಬರ್. ಕೆಳಗೆ ಮನೆಯವರ ಹೆಸರು, ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ, ಕಾಯಿಲೆ ಏನು, ಯಾವ ಗುಳಿಗೆ. ಅದರ ಕೆಳಗೆ ತಾರೀಖು ಹಾಕಿ ಒಂದೊಂದು ಸಾಲು. "ಕಣ್ಣು ಕಾಣಲ್ಲ, ಕೀರ್ತನೆ ಓದಿ ಹೇಳಬೇಕು." "ಮಗಳ ಬಾಣಂತನ, ಮುಂದಿನ ತಿಂಗಳು ಹೋಗುವುದು." "ಊಟ ಕೊಟ್ಟರೆ ಬೇಡ ಅಂತಾರೆ, ಹಬ್ಬದ ನೆಪ ಹೇಳಿ ಕೊಡಬೇಕು." ಈ ಕೊನೆಯ ಸಾಲು ನನಗೆ ಮರೆಯುವುದೇ ಇಲ್ಲ. ಒಬ್ಬರ ಮರ್ಯಾದೆ ಕಾಪಾಡುವ ಬಗೆಯನ್ನೂ ಬರೆದಿಟ್ಟಿದ್ದರು.

2020ರ ಲಾಕ್‌ಡೌನ್ ಬಂದಾಗ ಚರ್ಚ್ ಮುಚ್ಚಿತು. ಟೀಚರಮ್ಮ ಸ್ವತಃ ಮನೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಪುಸ್ತಕ ಕಳುಹಿಸಿಕೊಟ್ಟರು. ಯುವಜನರ ಸಂಘದ ಹುಡುಗರು ಓಣಿ ಓಣಿ ಹಂಚಿಕೊಂಡರು. ಪಾಸ್ ಇದ್ದವರು ಬಿಪಿ ಗುಳಿಗೆ, ಅಕ್ಕಿ, ಬೇಳೆ ತಲುಪಿಸಿದರು. ಉಳಿದವರು ಫೋನ್ ಹಿಡಿದು ದಿನಾ ಸಂಜೆ ಒಂಟಿ ಇರುವವರ ಜೊತೆ ಮಾತಾಡಿದರು. ಟೀಚರಮ್ಮನಿಗೂ ದಿನಾ ಒಂದು ಫೋನ್ ಹೋಗುತ್ತಿತ್ತು, ಅವರ ಮನೆಗೂ ಆ ಪುಸ್ತಕದಲ್ಲಿ ಒಂದು ಪುಟ ಇತ್ತು. ಹತ್ತಿರದ ಬೇರೆ ಸಭೆಗಳಲ್ಲಿ ಇಷ್ಟೇ ಪ್ರೀತಿ ಇದ್ದ ಜನ ಯಾರ ಮನೆಗೆ ಹೋಗಬೇಕು ಅಂತಲೇ ತಿಳಿಯದೆ ಒದ್ದಾಡಿದರು.

ದುಡ್ಡಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಸುಗ್ಗಿ ಹಬ್ಬದಲ್ಲಿ ಜನ ಜೋಳ, ಶೇಂಗಾ, ಕೋಳಿ, ಕುಂಬಳಕಾಯಿ ತರುತ್ತಾರೆ. ಹರಾಜು ಕೂಗುತ್ತೇವೆ. ಬಂದ ದುಡ್ಡನ್ನು ಒಬ್ಬರೇ ಮನೆಗೆ ಒಯ್ದು ಎಣಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ. ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಆಮೇಲೆ ಮಾತು ಬರುವುದು ಅವರ ಮೇಲೆಯೇ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನೂ ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ. ಯಾರೂ ತಪ್ಪು ಹೊರಿಸದಂತೆ ಎಚ್ಚರವಾಗಿದ್ದೇವೆ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂಬುದು ಅವನ ಮಾತಿನ ಅರ್ಥ. ಅಪೊಸ್ತಲನಿಗೇ ಬೇಕಾದದ್ದು ನಮಗೆ ಬೇಡವೇ? ಇಬ್ಬರು ಅಲ್ಲೇ ಕೂತು ಎಣಿಸಲಿ, ಇಬ್ಬರೂ ಸಹಿ ಹಾಕಲಿ, ಮುಂದಿನ ಭಾನುವಾರ ಪ್ರಕಟಣೆಯಲ್ಲಿ ಓದಲಿ.

ಇನ್ನೊಂದು ಮಾತನ್ನು ನೋವಿನಿಂದ ಬರೆಯುತ್ತೇನೆ. ನಮ್ಮಲ್ಲಿ ನಿಯಮಗಳು ಇಲ್ಲ ಅಂತ ಅಲ್ಲ. ಕಮಿಟಿ ಇಲೆಕ್ಷನ್ ಬಂದರೆ ನಿಯಮ ಪುಸ್ತಕದ ಒಂದೊಂದು ಕಲಮೂ ಎಲ್ಲರಿಗೂ ಬಾಯಿಪಾಠ. ಯಾರಿಗೆ ಓಟು ಇದೆ, ಯಾರ ಚಂದಾ ಬಾಕಿ, ಯಾರ ಹೆಸರು ಪಟ್ಟಿಯಲ್ಲಿ ಬರಬಾರದು, ಇದಕ್ಕಾಗಿ ರಾತ್ರಿ ಹಗಲು ಕೂತುಕೊಳ್ಳುತ್ತೇವೆ, ಕೋರ್ಟಿಗೂ ಹೋಗುತ್ತೇವೆ. ಓಟಿನ ಪಟ್ಟಿಯ ಮೇಲೆ ಖರ್ಚು ಮಾಡುವ ಶ್ರಮದಲ್ಲಿ ಸ್ವಲ್ಪವನ್ನು ರೋಗಿಗಳ ಪಟ್ಟಿಗೆ ಕೊಟ್ಟರೆ ಸಾಕು. ಕ್ರಮ ಅಧಿಕಾರ ಹಿಡಿಯುವುದಕ್ಕೆ ಮಾತ್ರ ಬಳಕೆಯಾದರೆ ಜನರಿಗೆ ಕ್ರಮ ಅನ್ನುವ ಮಾತಿನ ಮೇಲೆಯೇ ಬೇಸರ ಬರುತ್ತದೆ. ಆಮೇಲೆ ಎಳೆಯರು ಸಭೆ ಬಿಟ್ಟು ಹೋದರೆ ಅವರನ್ನು ಬೈದು ಏನು ಪ್ರಯೋಜನ?

ಬಿಷಪರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಈ ಸಲದ ವರ್ಗಾವಣೆ ಆದೇಶದಲ್ಲೇ ಒಂದು ಸಾಲು ಸೇರಿಸಿ. ಹೊರಡುವ ಸಭಾಪಾಲಕರು ಟೀಚರಮ್ಮನ ಪುಸ್ತಕದಂಥ ಒಂದು ಭೇಟಿ ಪುಸ್ತಕವನ್ನು ಬರೆದು, ಬರುವವರಿಗೆ ಕೊಟ್ಟು, ಇಬ್ಬರೂ ಸಭಾ ಕಾರ್ಯದರ್ಶಿಯೂ ಸಹಿ ಮಾಡಬೇಕು. ಬೀಗದ ಕೈಗೆ ಸಹಿ ಬೇಕಾದರೆ ಇದಕ್ಕೂ ಬೇಕು. ಆಗುವುದಾದರೆ ಇಬ್ಬರು ಅಯ್ಯನವರೂ ಒಂದು ದಿನ ಜೊತೆಯಾಗಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರಲಿ. ಪರಿಚಯ ಮಾಡಿಸಿ ಹೊರಟರೆ ಅಗಲುವ ದುಃಖವೂ ಆ ಮನೆಯವರಿಗೆ ಸ್ವಲ್ಪ ಹಗುರ.

ಸಭಾಪಾಲಕರೇ, ಎಲ್ಲವನ್ನೂ ಬರೆಯಬೇಡಿ. ಒಬ್ಬರು ಅಳುತ್ತ ನಿಮ್ಮ ಹತ್ತಿರ ಗುಟ್ಟಾಗಿ ಹೇಳಿಕೊಂಡದ್ದು ನಿಮ್ಮ ಪ್ರಾರ್ಥನೆಯಲ್ಲೇ ಇರಲಿ. ಕಾಯಿಲೆಯ ವಿವರವನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು ದಯವಿಟ್ಟು ಬೇಡವೇ ಬೇಡ. ಪುಸ್ತಕ ಒಂದೇ ಇರಲಿ, ಬೀರುವಿನಲ್ಲಿ ಇರಲಿ, ಯಾರು ನೋಡಬಹುದು ಅಂತ ಗೊತ್ತಿರಲಿ.

ಹಿರಿಯರೇ, ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು ನಿಮಗೆ ನೆನಪಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಅಂದ. ಹತ್ತು ಮಂದಿಗೆ ಒಬ್ಬರನ್ನು ನೇಮಿಸು ಅಂದ. ನಮ್ಮ ಅಯ್ಯನವರಲ್ಲಿ ಕೆಲವರಿಗೆ ಮೂರು ನಾಲ್ಕು ಊರುಗಳ ಸಭೆ ಇದೆ, ಶಾಲೆಯ ಜವಾಬ್ದಾರಿ ಇದೆ. ಎಲ್ಲ ಮನೆಗೂ ಅವರೇ ಬರಬೇಕು ಅಂತ ಕೂತರೆ ಆಗುವುದಿಲ್ಲ. ಹತ್ತು ಮನೆಗೆ ಒಬ್ಬ ಹಿರಿಯರು ಅಥವಾ ಸ್ತ್ರೀಯರ ಕೂಟದ ಒಬ್ಬ ಸಹೋದರಿ ಅಂತ ಹಂಚಿಕೊಳ್ಳೋಣ. ತಿಂಗಳಿಗೊಮ್ಮೆ ಆ ಹತ್ತು ಮನೆಯ ಕ್ಷೇಮ ಕೇಳಿ ಎರಡು ಸಾಲು ಬರೆದರೆ ಸಾಕು. ಕಮಿಟಿ ಮೀಟಿಂಗಿನಲ್ಲಿ ಕಟ್ಟಡದ ಮಾತಿಗೆ ಮೊದಲು ಆ ಸಾಲುಗಳನ್ನು ಓದೋಣ. ಮೀಟಿಂಗ್ ಸ್ವಲ್ಪ ಉದ್ದವಾದರೆ ಆಗಲಿ.

ಟೀಚರಮ್ಮನ ಪುಸ್ತಕದ ಮಾದರಿಯಲ್ಲಿ ನಾವು ಒಂದು ಖಾಲಿ ಪುಟ ತಯಾರಿಸಿದ್ದೇವೆ. ಯಾರ ಹೆಸರೂ ಇಲ್ಲದ್ದು, ಬರೀ ಚೌಕಗಳು ಮತ್ತು ಗೆರೆಗಳು. ಯಾವ ಸಭೆಯವರು ಕೇಳಿದರೂ ಅದರ ಜೆರಾಕ್ಸ್ ಕೊಡುತ್ತೇವೆ. ಹೇಗೆ ತುಂಬಬೇಕು ಅಂತ ತೋರಿಸಲು ನಮ್ಮ ಕೂಟದ ಇಬ್ಬರು ಬರಲು ಸಿದ್ಧರಿದ್ದಾರೆ. ಬಸ್ ಚಾರ್ಜ್ ನಾವೇ ಹಾಕಿಕೊಳ್ಳುತ್ತೇವೆ. ಶನಿವಾರ ಮಧ್ಯಾಹ್ನ ಆದರೆ ಅನುಕೂಲ.

ಇಂತಿ ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಧಾರವಾಡ ಸೀಮೆಯ ಒಂದು ಸಭೆಯ ಸ್ತ್ರೀಯರ ಕೂಟದ ಸದಸ್ಯೆ